ಕಥೆ ಕೇಳುವಾಗ ಹತ್ತೇ ನಿಮಿಷಕ್ಕೆ ಎಳೆ ತಪ್ಪುತ್ತದೆ: ಚೆಕಾವ್, ಮೊಪಾಸಾ, ಗೊಗೊಲ್ ಕೇಳುವವರು ದಯವಿಟ್ಟು ತಿಳಿಸಿ

ನಾಗಸಂಪಿಗೆ:
ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಉಚಿತವಾಗಿ ಹಾಕುವ ಲಿಬ್ರಿವಾಕ್ಸ್ ತಾಣದಿಂದ ಇಂಗ್ಲಿಷ್ ಓದುಗಳನ್ನು ಇಳಿಸಿಕೊಂಡು ಬಸ್ಸಿನಲ್ಲಿ ಕೇಳುತ್ತಿದ್ದೇನೆ. ಪುಸ್ತಕ ಹಿಡಿದು ಓದಿದರೆ ಅರ್ಥವಾಗುವ ಇಂಗ್ಲಿಷೇ. ಆದರೆ ಕೇಳುವಾಗ ಯಾರು ಯಾರಿಗೆ ಏನೆಂದರು ಅನ್ನುವುದೇ ತಪ್ಪಿಹೋಗುತ್ತದೆ, ರಷ್ಯನ್ ಹೆಸರುಗಳಲ್ಲಂತೂ ಪೂರ್ತಿ ಗೊಂದಲ. ಗೊಗೊಲ್‌ನ 'ದಿ ಓವರ್‌ಕೋಟ್'ನಿಂದ ಶುರು ಮಾಡಿದ್ದೆ. ಯಾವ ಕ್ರಮದಲ್ಲಿ ಕೇಳಬೇಕು? ವೇಗ ಎಷ್ಟಿರಬೇಕು? ಒಂದೇ ಕಥೆಗೆ ಹಲವು ಓದುಗಳಿದ್ದರೆ ಯಾವುದನ್ನು ಆರಿಸುವುದು? ಫೋನಿನಲ್ಲಿ ಜಾಗವೂ ಕಡಿಮೆ.

ಗದ್ಯಪ್ರಿಯ:
'ದಿ ಓವರ್‌ಕೋಟ್' (1842) ಮೊದಲ ಕಥೆಯಾಗಿ ಬೇಡ. ಒಂದು ಗಂಟೆಗೂ ಮೀರುತ್ತದೆ, ಮೇಲಾಗಿ ಅದರ ನಿರೂಪಕ ಹೇಳುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು ಇನ್ನೆಲ್ಲಿಗೋ ಹೋಗಿ ಬರುತ್ತಾನೆ. ಓದುವಾಗ ಕಣ್ಣು ಹಿಂದಿನ ಸಾಲಿಗೆ ಹೊರಳಿ ನೋಡುತ್ತದೆ. ಕಿವಿಗೆ ಆ ಅನುಕೂಲವಿಲ್ಲ. ಹಾಗಾಗಿ ಉದ್ದಕ್ಕಿಂತ ಮೊದಲು ಕಥೆಯ ಕಟ್ಟಣೆ ನೋಡಿ.

ಅಮೆರಿಕದ ಎಡ್ಗರ್ ಅಲನ್ ಪೋ ಬರೆದ 'ದಿ ಟೆಲ್-ಟೇಲ್ ಹಾರ್ಟ್'ನಿಂದ (1843) ಶುರು ಮಾಡಿ. ಸುಮಾರು 15 ನಿಮಿಷ. ಒಬ್ಬನೇ ಮಾತಾಡುತ್ತಾನೆ, ಯಾರಿಗೂ ಹೆಸರಿಲ್ಲ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಅದು ಕಿವಿಗೆಂದೇ ಬರೆದಂತಿದೆ. ಆಮೇಲೆ ಚೆಕಾವ್‌ನ 'ದಿ ಬೆಟ್' (1889): ಒಬ್ಬ ಬ್ಯಾಂಕರ್, ಒಬ್ಬ ವಕೀಲ, ಹದಿನೈದು ವರ್ಷದ ಒಂದು ಪಂಥ. ಇಲ್ಲೂ ಹೆಸರುಗಳ ಕಾಟವಿಲ್ಲ. ಮೂರನೆಯದು ಚೆಕಾವ್‌ನದೇ 'ಮಿಸರಿ' (1886). ಮಗನನ್ನು ಕಳೆದುಕೊಂಡ, ಹಿಮದ ಮೇಲೆ ಕುದುರೆ ಜಾರುಬಂಡಿ ಓಡಿಸುವವನು ಹತ್ತಿದ ಸವಾರಿಗಳಿಗೆಲ್ಲ ದುಃಖ ಹೇಳಿಕೊಳ್ಳಲು ನೋಡುತ್ತಾನೆ, ಯಾರೂ ಕಿವಿಗೊಡುವುದಿಲ್ಲ. ಬಸ್ಸಿನ ಗದ್ದಲದಲ್ಲಿ ಒಬ್ಬ ಸವಾರಿಯ ಭಾಗ ತಪ್ಪಿದರೂ ಮುಂದಿನವನು ಹತ್ತಿದಾಗ ಎಳೆ ಮತ್ತೆ ಸಿಗುತ್ತದೆ. ಜಾಕ್ ಲಂಡನ್‌ನ 'ಟು ಬಿಲ್ಡ್ ಎ ಫೈರ್' (1908) ಮುಕ್ಕಾಲು ಗಂಟೆಯದ್ದಾದರೂ ಕಷ್ಟವಿಲ್ಲ. ಒಬ್ಬ ಮನುಷ್ಯ, ಒಂದು ನಾಯಿ, ಕೊಲ್ಲುವ ಚಳಿ, ಅಷ್ಟೆ.

ಮೊಪಾಸಾನ 'ದಿ ನೆಕ್ಲೆಸ್' (1884) ಕೇಳುವ ಮುಂಚೆ ಸಾರಾಂಶ ಓದಲೇಬೇಡಿ, ಅದರ ಜೀವ ಕೊನೆಯ ಮಾತಿನಲ್ಲಿದೆ. ಚೆಕಾವ್‌ನ 'ದಿ ಲೇಡಿ ವಿತ್ ದ ಡಾಗ್' (1899) ಹಾಗಲ್ಲ. ಅದನ್ನು ಮೊದಲು ಓದಿಕೊಂಡು ಕೇಳಿದರೆ ಇನ್ನೂ ಚೆಂದ.

ರಷ್ಯನ್ ಹೆಸರಿನ ನಡುವಿನ ಭಾಗ ತಂದೆಯ ಹೆಸರಿನಿಂದ ಬಂದದ್ದು. ಕೊನೆಯ ಮನೆತನದ ಹೆಸರು ಬಿಟ್ಟು ಅನ್ನಾ ಸೆರ್ಗೆಯೆವ್ನಾ ಎಂದರೆ ಸೆರ್ಗೆಯ್‌ನ ಮಗಳು ಅನ್ನಾ. 'ದಿ ಲೇಡಿ ವಿತ್ ದ ಡಾಗ್'ನಲ್ಲಿ ಲೇಖಕ ಮನೆತನದ ಹೆಸರು ಹಿಡಿದು 'ಗುರೋವ್' ಅನ್ನುತ್ತಾನೆ, ಪಾತ್ರಗಳು 'ದ್ಮೀತ್ರಿ ದ್ಮೀತ್ರಿಚ್' ಅನ್ನುತ್ತವೆ, ಇಬ್ಬರೂ ಒಬ್ಬನೇ. '-ಇಚ್', '-ಯೆವ್ನಾ' ಎಂದು ಮುಗಿಯುವುದು ಕೇಳಿದರೆ ಹೊಸಬರು ಬಂದರೆಂದು ಗಾಬರಿ ಬೇಡ. ಹೆಸರುಗಳನ್ನು ಚೀಟಿಯಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡರೆ ಅರ್ಧ ಕಷ್ಟ ಕಳೆಯಿತು.

ಧ್ವನಿತಂತು:
ಓದನ್ನು ಆರಿಸಲು ಮೊದಲ ನಿಮಿಷ ಕೇಳಿ ಪ್ರಯೋಜನವಿಲ್ಲ. ಅಲ್ಲಿ ಲಿಬ್ರಿವಾಕ್ಸ್‌ನ ಘೋಷಣೆ, ಶೀರ್ಷಿಕೆ ಇರುತ್ತವೆ. ನಡುವೆ ಸಂಭಾಷಣೆ ಇರುವ ಕಡೆ ಹೋಗಿ ಒಂದು ನಿಮಿಷ ಕೇಳಿ. 'ಅವನು ಹೇಳಿದ', 'ಅವಳು ಹೇಳಿದಳು' ಬರುವ ಮೊದಲೇ ಮಾತಾಡಿದ್ದು ಯಾರೆಂದು ತಿಳಿದರೆ ಅದು ಒಳ್ಳೆಯ ಓದು. ಓದುವವರೆಲ್ಲ ಸ್ವಯಂಸೇವಕರು, ಆದ್ದರಿಂದ ಗುಣಮಟ್ಟ ಏರಿಳಿಯುತ್ತದೆ. ಹಲವರು ಸೇರಿ ಓದಿದ ಸಂಕಲನಕ್ಕಿಂತ ಒಬ್ಬರೇ ಓದಿದ್ದು ನಿಮಗೆ ಸುಲಭ, ಕಿವಿ ಒಂದು ದನಿಗೆ ಹೊಂದಿಕೊಳ್ಳುತ್ತದೆ.

ಕಡತಗಳು ಎರಡು ಗುಣಮಟ್ಟದಲ್ಲಿ ಸಿಗುತ್ತವೆ, ಚಿಕ್ಕದಾದ 64 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಕಡತವೇ ಸಾಕು. ಗಂಟೆಗೆ ಸುಮಾರು 29 ಎಂಬಿ. 128 ಆದರೆ ಅದರ ಎರಡರಷ್ಟು, ಬಸ್ಸಿನಲ್ಲಿ ವ್ಯತ್ಯಾಸ ತಿಳಿಯುವುದೂ ಇಲ್ಲ. ವೇಗ 0.9 ಇಡಿ. 0.8ಕ್ಕಿಂತ ಇಳಿಸಿದರೆ ಸ್ವರಗಳು ಎಳೆದಂತಾಗಿ ವಾಕ್ಯದ ಲಯ ಕೆಡುತ್ತದೆ. 1.25 ಮಾಡಿದರೆ ದೃಶ್ಯ ಬದಲಾಗುವ ಕಡೆ ಇರುವ ಮೌನ ಸಣ್ಣದಾಗಿ, ಕಥೆ ಬೇರೆ ಊರಿಗೆ ಹೋದದ್ದೇ ಗೊತ್ತಾಗುವುದಿಲ್ಲ. ನಿಮಗೆ ಎಳೆ ತಪ್ಪುವುದಕ್ಕೆ ಇದೂ ಕಾರಣವಿರಬಹುದು.

ಎಂಜಿನ್ನಿನ ಸದ್ದು ಮುಚ್ಚಲು ವಾಲ್ಯೂಮ್ ಏರಿಸಬೇಡಿ, ಕಿವಿಗೆ ಕೇಡು. ಒಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿ, ಫೋನಿನ ಈಕ್ವಲೈಸರ್‌ನಲ್ಲಿ (ದನಿಯ ಏರಿಳಿತ ಹೊಂದಿಸುವ ಸೆಟ್ಟಿಂಗ್) 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬಲ್ ಏರಿಸಿ. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಅಲ್ಲೇ ಇರುವುದು.

ಹಳೇ_ಪುಟ:
ಮೇಲಿನ ಇಬ್ಬರೂ ಅನುವಾದದ ವಿಷಯ ಬಿಟ್ಟಿದ್ದಾರೆ. ಲಿಬ್ರಿವಾಕ್ಸ್ ಹಕ್ಕುಸ್ವಾಮ್ಯ ಮುಗಿದ ಪಠ್ಯವನ್ನಷ್ಟೇ ಓದುತ್ತದೆ, ಹೀಗಾಗಿ ಅಲ್ಲಿನ ಚೆಕಾವ್ ಬಹುಪಾಲು ಇಂಗ್ಲಿಷ್ ಅನುವಾದಕಿ ಕಾನ್‌ಸ್ಟನ್ಸ್ ಗಾರ್ನೆಟ್ ಅವರದು, 1916ರಿಂದ 1922ರವರೆಗೆ 13 ಸಂಪುಟಗಳಲ್ಲಿ ಬಂದದ್ದು. ಪಠ್ಯ ನೋಡುತ್ತಾ ಕೇಳುವುದಾದರೆ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಉಚಿತವಾಗಿ ಕೊಡುವ ಗುಟೆನ್‌ಬರ್ಗ್ ತಾಣದ ಅದೇ ಅನುವಾದ ತೆರೆಯಿರಿ. ಹೊಸ ಅನುವಾದ ಹಿಡಿದರೆ ಎರಡನೇ ಸಾಲಿಗೇ ತಾಳ ತಪ್ಪುತ್ತದೆ. 'ಮಿಸರಿ' ಬೇರೆ ಕಡೆ 'ಹಾರ್ಟೇಕ್' ಎಂಬ ಹೆಸರಲ್ಲೂ ಸಿಗುತ್ತದೆ.

ಮೊಪಾಸಾ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 20ನೇ ಶತಮಾನದ ಆರಂಭದ ಕೆಲವು ಇಂಗ್ಲಿಷ್ ಸಂಪುಟಗಳಲ್ಲಿ ಅವನು ಬರೆಯದ ಕಥೆಗಳನ್ನು ಹತ್ತಾರು ಸಂಖ್ಯೆಯಲ್ಲಿ ಸೇರಿಸಿದ್ದಾರೆ. ಕಥೆಗೆ ಮೂಲ ಫ್ರೆಂಚ್ ಶೀರ್ಷಿಕೆ ಎಲ್ಲೂ ಸಿಗದಿದ್ದರೆ ಅನುಮಾನಿಸಿ.

ಯೂಟ್ಯೂಬ್‌ನಲ್ಲಿ ಸಿಗುವುದು ಪೂರ್ತಿ ಕಥೆಯೋ ಕತ್ತರಿಸಿದ್ದೋ ತಿಳಿಯಲು ಗುಟೆನ್‌ಬರ್ಗ್ ಪಠ್ಯದ ಪದಸಂಖ್ಯೆಯನ್ನು 150ರಿಂದ ಭಾಗಿಸಿ, ಬಂದದ್ದು ನಿಮಿಷಗಳ ಅಂದಾಜು. 'ದಿ ನೆಕ್ಲೆಸ್' ಇಪ್ಪತ್ತರ ಆಸುಪಾಸು ಬರಬೇಕು. ಒಂಬತ್ತಕ್ಕೇ ಮುಗಿದರೆ ಕಥೆಯಲ್ಲಿ ಬರುವ ಹತ್ತು ವರ್ಷದ ಬಡತನವನ್ನು ಹಾರಿಸಿದ್ದಾರೆಂದೇ ಲೆಕ್ಕ, ಅದಿಲ್ಲದೆ ಆ ಕೊನೆಗೆ ತೂಕವೇ ಇಲ್ಲ. ಒಂದೇ ಹೆಸರನ್ನು ಎರಡು ಕಡೆ ಎರಡು ರೀತಿ ಉಚ್ಚರಿಸಿ, ಎಲ್ಲ ವಾಕ್ಯಗಳ ನಡುವೆ ಒಂದೇ ಅಳತೆಯ ವಿರಾಮ ಬಿಟ್ಟರೆ ಅದು ಯಂತ್ರದ ದನಿ ಇರಬಹುದು.

ನಾಗಸಂಪಿಗೆ:
ತುಂಬಾ ಧನ್ಯವಾದ. ಇನ್ನೊಂದು ಪ್ರಶ್ನೆ. ಇದೇ ಕಥೆಗಳ ಕನ್ನಡ ಅನುವಾದ ಓದಿ, ರೆಕಾರ್ಡ್ ಮಾಡಿ ಎಲ್ಲರಿಗೂ ಹಾಕಬಹುದೇ? ಚೆಕಾವ್ ತೀರಿಕೊಂಡದ್ದು 1904ರಲ್ಲಲ್ಲವೇ?

ಹಳೇ_ಪುಟ:
ಚೆಕಾವ್‌ನ ಮೂಲ ಮುಕ್ತ, ಆದರೆ ಅನುವಾದಕ್ಕೆ ಪ್ರತ್ಯೇಕ ಹಕ್ಕಿದೆ. ಭಾರತದಲ್ಲಿ ಅದು ಅನುವಾದಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅನುವಾದಕರ ಅಥವಾ ಅವರ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಹಕ್ಕು ಪ್ರಕಾಶಕರ ಬಳಿ ಇದ್ದರೆ ಅವರಿಂದ. ಅದು ಆಗದಿದ್ದರೆ ಗಾರ್ನೆಟ್ ಪಠ್ಯದಿಂದ ನೀವೇ ಅನುವಾದಿಸುವುದು. ಗಾರ್ನೆಟ್ ತೀರಿಕೊಂಡದ್ದು 1946ರಲ್ಲಿ, ಆ 60 ವರ್ಷ ಇಲ್ಲಿ ಮುಗಿದಿದೆ, ಹಾಗಾಗಿ ತೊಡಕಿಲ್ಲ. 'ದಿ ಬೆಟ್'ನಿಂದ ಶುರು ಮಾಡಿ, ಚಿಕ್ಕದು.