ಅಪ್‌ಡೇಟ್: ತಂಗಿಯ ಸಿಇಟಿ ಅಭ್ಯಾಸಕ್ಕೆ ಕೊನೆಗೂ ಯಾವುದು ಕೈಹಿಡಿಯಿತು

ಪಿಯುನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದ್ತಿರೋ ತಂಗಿಯ ಕೆಸಿಇಟಿ (ಇಂಜಿನಿಯರಿಂಗ್‌ನಂಥ ಕೋರ್ಸ್‌ಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ) ಅಭ್ಯಾಸಕ್ಕೆ ಯಾವ ಪುಸ್ತಕ ಕೊಡಿಸಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಗೆದ್ದಿದ್ದು ಪುಕ್ಕಟೆ ಸಲಹೆಯೇ! ಈ ಪರೀಕ್ಷೆ ನಡೆಸೋ ಕೆಇಎ ವೆಬ್‌ಸೈಟ್‌ನ ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ, ಜೊತೆಗೆ ಓಎಂಆರ್ ಶೀಟಿನ (ಉತ್ತರದ ಬಬಲ್ ತುಂಬೋ ಹಾಳೆ) ಜೆರಾಕ್ಸ್ ಇಟ್ಟು, ಟೈಮರ್ ಹಚ್ಚಿ ಕೂರಿಸಿದ್ವಿ. ಒಂದೊಂದು ವಿಷಯಕ್ಕೂ 60 ಪ್ರಶ್ನೆಗೆ 80 ನಿಮಿಷ, ಅಂದ್ರೆ ಒಂದಕ್ಕೆ 80 ಸೆಕೆಂಡ್. ಗಣಿತದಲ್ಲಿ ಉತ್ತರ ಗೊತ್ತಿದ್ರೂ ಬಬಲ್ ತುಂಬೋಕೇ ಟೈಮ್ ಸಾಲ್ತಿರಲಿಲ್ಲ. ಈಗ ಒಂದು ಪುಟ ಮುಗಿದ ಕೂಡಲೇ ಆ ಪುಟದ ಬಬಲ್‌ಗಳನ್ನ ತುಂಬ್ತಾಳೆ, ಸಾಕಷ್ಟು ಸಮಯ ಉಳಿಯುತ್ತೆ. ನೆಗೆಟಿವ್ ಮಾರ್ಕಿಂಗ್ ಇಲ್ಲದ್ದರಿಂದ ಒಂದೂ ಖಾಲಿ ಬಿಡಲ್ಲ.

ಜೆಇಇ (ಐಐಟಿ, ಎನ್‌ಐಟಿಗಳ ಪ್ರವೇಶ ಪರೀಕ್ಷೆ) ದಪ್ಪ ಪುಸ್ತಕ ನಮಗಂತೂ ಆಗಿಬರಲಿಲ್ಲ. ಒಂದು ಲೆಕ್ಕಕ್ಕೆ ಹತ್ತು ನಿಮಿಷ ತಿನ್ನೋ ಅಭ್ಯಾಸ ಸಿಇಟಿಗೆ ಹೊರೆ. ಎನ್‌ಸಿಇಆರ್‌ಟಿ ಪಠ್ಯವನ್ನೇ, ಫಸ್ಟ್ ಪಿಯುದೂ ಸೇರಿಸಿ, ತಿರುವಿ ಹಾಕಿದ್ದೇ ಹೆಚ್ಚು ಉಪಯೋಗ.

ಒಂದು ಅಚ್ಚರಿ: ಹಳೇ ಕೆಮಿಸ್ಟ್ರಿ ಪತ್ರಿಕೆಗಳಲ್ಲಿ ಸಾಲಿಡ್ ಸ್ಟೇಟ್ (ಘನಸ್ಥಿತಿ) ಅಧ್ಯಾಯದ ಪ್ರಶ್ನೆಗಳಿವೆ, ಆದ್ರೆ ಆ ಅಧ್ಯಾಯ ಎನ್‌ಸಿಇಆರ್‌ಟಿಯಿಂದ ತೆಗೆದುಹಾಕಿದ್ದು! 2024ರಲ್ಲಂತೂ ಸಿಲೆಬಸ್ ಹೊರಗಿನ ಪ್ರಶ್ನೆಗಳ ಗಲಾಟೆಯಾಗಿ 50 ಪ್ರಶ್ನೆ ಮೌಲ್ಯಮಾಪನದಿಂದ ಬಿಟ್ರು. ಹಾಗಾಗಿ ಹಳೇ ಪತ್ರಿಕೆ ಕೊಡೋ ಮೊದಲು ಈಗಿನ ಪಠ್ಯಕ್ರಮ ಪಕ್ಕಕ್ಕಿಟ್ಟು ಬೇಡದ್ದನ್ನ ಪೆನ್ಸಿಲ್‌ನಲ್ಲಿ ಹೊಡೆದುಹಾಕಿ.

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಗಳೂ ಅರ್ಧ ಸೇರೋದ್ರಿಂದ ಸದ್ಯ ಬೋರ್ಡ್ ಪರೀಕ್ಷೆ ಓದು ನಡೀತಿದೆ. ಜೆಇಇ ಪುಸ್ತಕ ಹೊಸದರ ಹಾಗೇ ಇದೆ, ಬೇಕಾದವರು ಹೇಳಿ.