ಏಳನೇ ಕ್ಲಾಸಿನ ಹೊರಸಂಚಾರ: ಸಾಗರದ ಕಡೆ ಏನೇನು ತೋರಿಸಬಹುದು?

ಮಲೆನಾಡ ಮೇಷ್ಟ್ರು:
ತೀರ್ಥಹಳ್ಳಿ ಕಡೆಯವನು. 42 ಮಕ್ಕಳು, ಒಂದೇ ಬಸ್ಸು, ಒಂದೇ ದಿನ. ಹೋದ ವರ್ಷ ಜೋಗಕ್ಕೆ ಹೋಗಿದ್ವಿ, ಮಂಜು ಬಿಟ್ರೆ ಏನೂ ಕಾಣ್ಲಿಲ್ಲ. ಈ ಸಲ ಕೈಕೆಲಸ ಮಾಡೋರನ್ನ ತೋರಿಸೋಣ ಅಂತ.

ಅಡಿಕೆಚೊಗರು:
ಹೆಗ್ಗೋಡಿನ ಚರಕಕ್ಕೆ (ಹೆಂಗಸರ ಕೈಮಗ್ಗದ ಸಂಸ್ಥೆ) ಮೊದಲೇ ಫೋನ್ ಮಾಡಿ ಹೋಗಿ ಸರ್. ಕೈಮಗ್ಗ ನೋಡೋದು ಇದ್ದೇ ಇದೆ, ಬಣ್ಣ ಹಾಕೋದನ್ನ ಬಿಡಬೇಡಿ. ನಮ್ಮನೆ ಹಂಡೇಲಿ ಅಡಿಕೆ ಬೇಯಿಸಿದ ಮೇಲೆ ಉಳಿಯೋ ನೀರು, ಅದೇ ಅಡಿಕೆ ಚೊಗರು, ಅಲ್ಲಿ ಬಟ್ಟೆಗೆ ಕೆಂಪು ಕೊಡುತ್ತೆ. ಅಂಗಿಗೆ ಬಿದ್ರೆ ಅಮ್ಮ ಬೈತಿದ್ದ ಕಲೆ! 1949ರ ನಾಟಕ ಸಂಸ್ಥೆ ನೀನಾಸಂ ಕೂಡ ಅದೇ ಊರಲ್ಲಿ.

ಸಾಗರದವಳು:
ಹಸೆ ಚಿತ್ತಾರ ಮರೀಬೇಡಿ, ದೀವರ ಸಮುದಾಯದವರು ಮನೆ ಗೋಡೆ ಮೇಲೆ ಬರೆಯೋ ಚಿತ್ರ. ನಾವು ದೀವರು. ನಮ್ಮಜ್ಜಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು ಹಚ್ಚೋರು. ಕುಂಚ ಅಂದ್ರೆ ಪುಂಡಿ ನಾರು, ತುದಿ ಜಜ್ಜಿದ್ದು. ಸ್ಕೇಲೂ ಇಲ್ಲ, ಪೆನ್ಸಿಲ್ಲೂ ಇಲ್ಲ, ಗೆರೆ ಮಾತ್ರ ನೂಲು ಹಿಡಿದ ಹಾಗೆ. ನಾನು ಎಳೆದ್ರೆ ಹಾವು ಹರಿದಂಗೆ. ಮಕ್ಕಳ ಕೈಗೇ ನಾರು ಕೊಡಿಸಿ, ಬರೀ ನೋಡಿದ್ರೆ ಬೇಜಾರಾಗುತ್ತೆ.

ಇಕ್ಕೇರಿ ದಾರಿ:
ಸಾಗರ ಪೇಟೇಲಿ ಗುಡಿಗಾರರ ಗಂಧದ ಕೆತ್ತನೆ. ಅವರದೇ ಬೆಂಡಿನ ಬಾಸಿಂಗವನ್ನೂ ಕೇಳಿ ನೋಡಿ. 42 ಜನ ಒಟ್ಟಿಗೆ ನುಗ್ಗಬೇಡಿ, ಉಳಿಗಳು ನೆಲದಲ್ಲೇ ಹರಡಿರ್ತವೆ. ಹತ್ತತ್ತು ಜನ ಕಳಿಸಿ, ಉಳಿದವರು ಇಕ್ಕೇರಿ ಅಘೋರೇಶ್ವರನ ನಂದಿ ನೋಡ್ಲಿ.

ಮಲೆನಾಡ ಮೇಷ್ಟ್ರು:
ಬೆಳಗ್ಗೆ ಹೆಗ್ಗೋಡು, ಮಧ್ಯಾಹ್ನ ಚಿತ್ತಾರ, ಆಮೇಲೆ ಗುಡಿಗಾರರು. ಇಕ್ಕೇರಿಗೆ ಟೈಮ್ ಸಾಲಲ್ಲ ಅನ್ಸುತ್ತೆ. ಅಕ್ಕಾ, ಕಲಿಸೋರು ಯಾರಾದ್ರೂ ಇದ್ರೆ ಹೇಳಿ, ಮೆಸೇಜ್ ಮಾಡ್ತೀನಿ.