ಟ್ರಿಪ್ 35: ಫೋಟೊದ ಎಡಗಡೆ ಕೇಸರಿ ಪಟ್ಟೆ, ಬೆಳಕು ಎಲ್ಲಿಂದ ನುಗ್ತಿದೆ?

ಕಾರವಾರದಿಂದ ಪ್ರಶ್ನೆ:
ನನ್ನದು ಒಲಿಂಪಸ್ ಟ್ರಿಪ್ 35 ಅನ್ನೋ ಹಳೇ ಫಿಲ್ಮ್ ಕ್ಯಾಮೆರಾ. 36 ಫೋಟೊದ ಕಲರ್ ರೋಲ್ ತೊಳೆಸಿದಾಗ ಏಳೆಂಟು ಫೋಟೊಗಳ ಎಡ ಅಂಚಿನಲ್ಲಿ ಕೇಸರಿ ಪಟ್ಟೆ, ಉಳಿದವು ಚೊಕ್ಕ. ಶಟರ್ ಹೋಗಿದೆಯೋ, ಹಿಂಬಾಗಿಲೋ? ಇಲ್ಲೇ ಸಿಗುವ ಸಾಮಾನಿನಲ್ಲಿ ಸರಿ ಮಾಡಬಹುದಾ?

ಶಿರಸಿಯಿಂದ:
ಸ್ಕ್ಯಾನ್ ಬಿಡಿ, ನೆಗೆಟಿವ್ ನೋಡಿ. ಪಟ್ಟೆ ಅಲ್ಲಿ ಕಪ್ಪಾಗಿ ಕಾಣುತ್ತದೆ. ಅದು ಫಿಲ್ಮಿನ ಅಂಚಿನ ಹಲ್ಲಿನ ತೂತುಗಳವರೆಗೂ ಹರಿದಿದ್ದರೆ ಹಿಂಬಾಗಿಲಿನದೇ ತಪ್ಪು. ಚೌಕಟ್ಟಿನೊಳಗೇ ನಿಂತಿದ್ದರೆ ಲೆನ್ಸ್ ಅಥವಾ ಶಟರ್ ಕಡೆ ಅನುಮಾನಿಸಿ. ಬಣ್ಣವೂ ಸುಳಿವೇ: ಹಿಂದಿನಿಂದ ಬಂದ ಬೆಳಕು ಫಿಲ್ಮಿನ ಬೆನ್ನಿನ ಮೂಲಕ ಹಾದು, ಮೊದಲು ಕೆಂಪಿಗೆ ಸ್ಪಂದಿಸುವ ಪದರಕ್ಕೆ ತಾಗುತ್ತದೆ. ಅದಕ್ಕೇ ಕೇಸರಿ.

ಇನ್ನೊಂದು, ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡಿ ಎಡಬಲ ಬದಲಿಸುತ್ತದೆ. ಫೋಟೊದ ಎಡ ಅಂದರೆ ಹಿಂದಿನಿಂದ ನೋಡುವಾಗ ಕ್ಯಾಮೆರಾದ ಬಲ. ಅಲ್ಲಿರುವುದು ಬಾಗಿಲಿನ ಬಿಜಾಗರಿ. ಕೆಲವೇ ಫ್ರೇಮಿಗೆ ಬಿದ್ದಿದ್ದು ಯಾಕೆ ಅಂದರೆ, ಕ್ಲಿಕ್ಕಿಸಿ ಬಿಸಿಲಲ್ಲಿ ಹೆಚ್ಚು ಹೊತ್ತು ಇಟ್ಟಿದ್ದು ಆ ಫ್ರೇಮುಗಳಲ್ಲಿ. ರೋಲಿನ ಮೊದಲ ಎರಡು ಮೂರು ಮಾತ್ರ ಹಾಳಾಗಿದ್ದರೆ ಕ್ಯಾಮೆರಾದ ತಪ್ಪಲ್ಲ, ಬಿಸಿಲಲ್ಲಿ ರೋಲ್ ಹಾಕಿದ್ದು.

ಕುಮಟಾದಿಂದ:
ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ. ಕತ್ತಲೆ ಕೋಣೆ, ರೋಲ್ ಇಲ್ಲದ ಕ್ಯಾಮೆರಾ, ಬಾಗಿಲು ತೆರೆದು ಲೆನ್ಸಿನ ಮುಂದೆ ಟಾರ್ಚ್ ಹಿಡಿಯಿರಿ. ಶಟರ್ ಮುಚ್ಚಿದ್ದಾಗ ಒಂದು ಚುಕ್ಕಿ ಬೆಳಕೂ ಕಾಣಬಾರದು. ಆಮೇಲೆ ಒಂದು ಅಗ್ಗದ ಕಪ್ಪು-ಬಿಳುಪು ರೋಲ್ ಹಾಕಿ, ಮೊದಲ 12 ಫ್ರೇಮಿಗೆ ಬಿಜಾಗರಿ ಮೇಲೆ ಕರೆಂಟ್ ಕೆಲಸದ ಕಪ್ಪು ಟೇಪ್ ಎರಡು ಪದರ, ಮುಂದಿನ 12ಕ್ಕೆ ಟೇಪ್ ಇಲ್ಲ. ಪ್ರತಿ ಕ್ಲಿಕ್ಕಿನ ನಂತರ ಬಿಜಾಗರಿ ಸೂರ್ಯನ ಕಡೆ ಮಾಡಿ ಐದು ನಿಮಿಷ ಇಡಿ. ಬಣ್ಣದ ಸುಳಿವು ಹೋಗುತ್ತದೆ, ಆದರೆ ಬೇಕಿರುವುದು ಜಾಗ ಅಷ್ಟೆ.

ಶಿರಸಿಯಿಂದ:
ಬಾಗಿಲು ತೆರೆದರೆ ಉತ್ತರ ಬೆರಳಿಗೇ ಅಂಟುತ್ತದೆ ಮಾರಾಯ್ರೆ. ಬಾಗಿಲಿನ ಸಂದಿಯಲ್ಲಿ ಬೆಳಕು ತಡೆಯುವ ಹಳೇ ಪಾಲಿಯುರಿಥೇನ್ ಫೋಮು ತೇವಕ್ಕೆ ಕೊಳೆತು ಡಾಂಬರಿನ ಹಾಗಾಗಿರುತ್ತದೆ, ನಿಮ್ಮ ಕರಾವಳಿ ಹವೆಗೆ ಕೇಳುವುದೇ ಬೇಡ. ಮೊದಲು ಫಿಲ್ಮ್ ಗೇಟಿಗೆ (ಫಿಲ್ಮಿಗೆ ಬೆಳಕು ಬೀಳುವ ಚೌಕ ಕಿಂಡಿ) ಕಾಗದ ಮುಚ್ಚಿ ಮಾಸ್ಕಿಂಗ್ ಟೇಪ್ ಹಚ್ಚಿ. ಚೂರೊಂದು ಶಟರ್ ಎಲೆಗಳಿಗೆ ಬಿದ್ದರೆ ಹೊಸ ರಗಳೆ. ಹಲ್ಲುಕಡ್ಡಿಯ ತುದಿಯಿಂದ ಅಂಟನ್ನು ಎಬ್ಬಿಸಿ, ಸೂಜಿ ಬ್ಲೇಡು ಬೇಡ, ಬಣ್ಣ ಕೀಳುತ್ತದೆ. ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಕಿವಿ ಹತ್ತಿಯಿಂದ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ಹತ್ತಿ ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು. ಕೊನೆಗೆ ಬಿಳಿ ಹತ್ತಿ ಬಿಳಿಯಾಗೇ ಹೊರಬರಬೇಕು. ಜಿಡ್ಡು ಉಳಿದರೆ ಹೊಸದು ಹಿಡಿಯುವುದಿಲ್ಲ.

ಕಾರವಾರದಿಂದ:
ಪಟ್ಟೆ ತೂತಿನವರೆಗೂ ಇದೆ. ಸ್ಟೇಷನರಿ ಅಂಗಡಿಯ 2 ಮಿಮೀ ಕ್ರಾಫ್ಟ್ ಫೋಮ್ ಶೀಟ್ ನಡೆಯುತ್ತಾ?

ಶಿರಸಿಯಿಂದ:
ಬೇಡ. ಅದು ಗಟ್ಟಿ, ಅದುಮಿದರೆ ತಗ್ಗುವುದಿಲ್ಲ, ಬಾಗಿಲಿನ ಚಿಲಕಕ್ಕೆ ಭಾರ. ಮೇಲೆ ಕೆಳಗಿನ ಉದ್ದ ಸಂದಿಗೆ ಕಪ್ಪು ಉಲ್ಲನ್ ದಾರ ಸಾಕು, ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಎಳೆ ಸಂದಿ ತುಂಬಿ ಕೂದಲೆಳೆಯಷ್ಟು ಮೇಲೆ ನಿಲ್ಲಲಿ. ಎಳೆದು ಹಾಕಬೇಡಿ, ಆಮೇಲೆ ಕುಗ್ಗಿ ತುದಿಯಲ್ಲಿ ಜಾಗ ಬಿಡುತ್ತದೆ. ಬಿಜಾಗರಿ ಕಡೆಗೆ ಮಾತ್ರ ಅಗಲ ಪಟ್ಟಿ ಬೇಕು: ಅಂಟಿರುವ ಮೆತ್ತನೆ ಕಪ್ಪು ಫೋಮು, ಇಲ್ಲವೇ ದಪ್ಪ ಕಪ್ಪು ವೆಲ್ವೆಟ್. ಅಂಟಿಗೆ ಒಂದು ಹನಿ ನೀರು ಸವರಿದರೆ ಕೂರಿಸುವಾಗ ಅತ್ತಿತ್ತ ಸರಿಸಬಹುದು, ಒಣಗಿದ ಮೇಲೆ ಹಿಡಿಯುತ್ತದೆ.

ಕುಮಟಾದಿಂದ:
ಬಾಗಿಲು ಮುಚ್ಚಲು ಬಲ ಹಾಕಬೇಕಾದರೆ ಪಟ್ಟಿ ದಪ್ಪವಾಯಿತು ಅಂತಲೇ, ತೆಳ್ಳಗಿನದು ಹಾಕಿ. ಉದುರಿದ ಎಳೆಗಳನ್ನು ಗಾಳಿ ಪಂಪಿನಿಂದ ಊದಿ, ಬಾಗಿಲಿನ ಒಳಗೆ ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಒತ್ತುಪಟ್ಟಿಯನ್ನೂ ಒರೆಸಿ. ಅಲ್ಲಿ ಕೂತ ಕೊಳೆ ಇಡೀ ರೋಲಿಗೆ ಉದ್ದುದ್ದ ಗೀರು ಹಾಕುತ್ತದೆ. ಮತ್ತೆ ಅದೇ ಟೇಪಿನ ಪರೀಕ್ಷೆ, ಆದರೆ ಈ ಸಲ 24 ಫ್ರೇಮಿಗೂ ಟೇಪ್ ಹಚ್ಚಬೇಡಿ.